ಬೈಯೆರಿಂಕ್: ಬೇರುಗಂಟಿನಿಂದ ಬರಿ ಮಣ್ಣಿನವರೆಗೆ

ಬೋಧನಾಭ್ಯಾಸಕ್ಕೆಂದು ನಾನು ಆರಿಸಿಕೊಂಡದ್ದು ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠ. ಅದರಲ್ಲಿ ಪಾಶ್ಚರ್, ಜೆನ್ನರ್, ಫ್ಲೆಮಿಂಗ್ ಹೆಸರುಗಳು ಬರುತ್ತವೆ. ರೈಜೋಬಿಯಂ ಎಂಬ ಬ್ಯಾಕ್ಟೀರಿಯದ ಹೆಸರೂ ಬರುತ್ತದೆ, ಆದರೆ ಅದನ್ನು ಬೇರಿನ ಗಂಟಿನಿಂದ ಹೊರತೆಗೆದು ಮೊದಲು ಬೆಳೆಸಿದವರ ಹೆಸರಿಲ್ಲ. ಜಿಡಗಾದಂಥ ಊರಿನಲ್ಲಿ ಇದೊಂದು ಕೊರತೆ ಎಂದೇ ನನಗೆ ಅನಿಸಿತು. ಆಳಂದ ತಾಲ್ಲೂಕಿನ ಮಕ್ಕಳಿಗೆ ತೊಗರಿಯನ್ನು ಯಾರೂ ಪರಿಚಯಿಸಬೇಕಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ತೊಗರಿಯ ಬೇರಿನೊಳಗೆ ಕೂತವರನ್ನು ಜಗತ್ತಿಗೆ ತೋರಿಸಿದ ಮಾರ್ಟಿನಸ್ ಬೈಯೆರಿಂಕ್ ಅವರ ಜೀವನವನ್ನು ಪಾಠದ ಪೀಠಿಕಾ ಹಂತದಲ್ಲಿ ಕತೆಯಾಗಿ ಹೇಳಲು ಸಿದ್ಧತೆ ಮಾಡಿಕೊಂಡೆ. ಹೇಳಿದ್ದನ್ನು, ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1851ರ ಮಾರ್ಚ್ 16ರಂದು, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ತಂದೆಯದು ತಂಬಾಕಿನ ವ್ಯಾಪಾರ. ವ್ಯಾಪಾರ ದಿವಾಳಿಯಾಗಿ ತಂದೆ ರೈಲ್ವೆಯಲ್ಲಿ ಗುಮಾಸ್ತರಾದರು. ಶಾಲೆಗೆ ಕಳಿಸುವಷ್ಟು ಅನುಕೂಲವಿರಲಿಲ್ಲವಾದ್ದರಿಂದ ಹನ್ನೆರಡನೆಯ ವಯಸ್ಸಿನವರೆಗೆ ಮಗನಿಗೆ ತಂದೆಯೇ ಮನೆಯಲ್ಲಿ ಪಾಠ ಹೇಳಿದರು. ಆಮೇಲೆ ಹಾರ್ಲೆಮ್‌ನ ಶಾಲೆಯಲ್ಲಿ ಓದುವಾಗ ಗಿಡಗಳ ಹುಚ್ಚು ಹತ್ತಿತು. ಗಿಡ ಸಂಗ್ರಹಿಸಿ ಒಣಗಿಸಿ ಇಟ್ಟದ್ದಕ್ಕೆ ಬಹುಮಾನವೂ ಬಂತು. ಮುಂದಿನ ಓದಿಗೆ ಚಿಕ್ಕಪ್ಪನ ವರಸೆಯ ಬಂಧುವಿನ ನೆರವು ಸಿಕ್ಕಿತು. ಡೆಲ್ಫ್ಟ್‌ನ ಪಾಲಿಟೆಕ್ನಿಕ್‌ನಲ್ಲಿ ಅವರ ಗೆಳೆಯ ಯಾರು ಗೊತ್ತೆ? ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿಯನ್ನು 1901ರಲ್ಲಿ ಪಡೆದ ವಾಂಟ್ ಹಾಫ್. ಇಬ್ಬರೂ ಕೂಡಿ ಪ್ರಯೋಗ ಮಾಡುತ್ತಿದ್ದರು. 1877ರಲ್ಲಿ ಬೈಯೆರಿಂಕ್ ಲೈಡನ್‌ನಲ್ಲಿ ಡಾಕ್ಟರೇಟ್ ಪಡೆದರು. ವಿಷಯ, ಕೀಟಗಳಿಂದ ಗಿಡದ ಮೇಲೆ ಏಳುವ ಗಂಟುಗಳು. ಗಂಟಿನ ನಂಟು ಆಗಲೇ ಶುರುವಾಗಿತ್ತು ಎನ್ನಬಹುದು.

ಹೊಟ್ಟೆಪಾಡಿಗೆ ಅವರು ಮಾಡಿದ ಕೆಲಸ ಮಾಸ್ತರಿಕೆ. ವಾರ್ಫುಮ್ ಎಂಬ ಸಣ್ಣ ಊರಿನ ಕೃಷಿಶಾಲೆ, ಉಟ್ರೆಕ್ಟ್, ಆಮೇಲೆ ವಾಗೆನಿಂಗೆನ್. ಇಲ್ಲಿ ನಮ್ಮಂಥ ಪ್ರಶಿಕ್ಷಣಾರ್ಥಿಗಳು ನಿಂತು ನೋಡಬೇಕಾದ ಸಂಗತಿಯಿದೆ. ಅವರಿಗೆ ವಿಷಯದ ಮೇಲೆ ಅಪಾರ ಪ್ರೀತಿ. ಅದನ್ನು ಎಲ್ಲರಿಗೂ ಹಂಚಬೇಕೆಂಬ ಆಸೆಯೂ ಅಷ್ಟೇ. ಆದರೆ ತಾಳ್ಮೆಯಿಲ್ಲ. ತಿಳಿಯದ ಹುಡುಗರ ಮೇಲೆ ಕೂಗಾಡುತ್ತಿದ್ದರು, ಕೀಳು ಮಾತಿನಿಂದ ಬೈಯುತ್ತಿದ್ದರು. ಮಕ್ಕಳಿಗೂ ತಂದೆತಾಯಿಗಳಿಗೂ ಅವರೆಂದರೆ ಆಗದು. ಅದು ಅವರಿಗೂ ಗೊತ್ತಿತ್ತು. ಆ ಕೊರಗಿನಲ್ಲಿ ಆಗಾಗ ಮಂಕಾಗಿಬಿಡುತ್ತಿದ್ದರು.

ಪಾಠಯೋಜನೆ ತೋರಿಸಿದಾಗ ಈ ಭಾಗವನ್ನು ಬಿಟ್ಟರೆ ಒಳ್ಳೆಯದು ಎಂಬ ಸಲಹೆ ಬಂತು. ವಿಜ್ಞಾನಿಗಳ ಜೀವನದಿಂದ ಮಕ್ಕಳಿಗೆ ಆದರ್ಶ ಸಿಗಬೇಕು ಎಂಬುದು ಅದರ ಹಿಂದಿನ ಕಳಕಳಿ. ನನಗೆ ಒಪ್ಪಿಗೆಯಾಗಲಿಲ್ಲ. ಬೈಗುಳ ತಿಂದ ಮಕ್ಕಳು ನಮ್ಮ ತರಗತಿಯಲ್ಲೂ ಇರುತ್ತಾರೆ. ಬೈದವರು ದೊಡ್ಡವರಾದರೆ ತಪ್ಪು ತಮ್ಮದೇ ಇರಬೇಕು ಎಂದು ಅವರು ನಂಬಿಬಿಡುತ್ತಾರೆ. ದೊಡ್ಡ ವಿಜ್ಞಾನಿಯೂ ಈ ಒಂದು ಕೆಲಸದಲ್ಲಿ ಸೋತಿದ್ದರು ಎಂದು ಅವರಿಗೆ ತಿಳಿದರೆ ಕೆಡುಕೇನಿಲ್ಲ. ಹಾಗಾಗಿ ಹೇಳಿದೆ. ತರಗತಿ ಆ ಹೊತ್ತಿನಲ್ಲಿ ನಿಶ್ಶಬ್ದವಾಗಿ ಕೇಳಿತು.

1885ರಲ್ಲಿ ಅವರು ಮಾಸ್ತರಿಕೆ ಬಿಟ್ಟು ಡೆಲ್ಫ್ಟ್‌ನ ಯೀಸ್ಟ್ ಮತ್ತು ಮದ್ಯಸಾರ ಕಾರ್ಖಾನೆಯ ಬ್ಯಾಕ್ಟೀರಿಯಾ ತಜ್ಞರಾದರು. ದ್ವಿದಳ ಗಿಡಗಳು ಗಾಳಿಯ ಸಾರಜನಕವನ್ನು ಬಳಸಬಲ್ಲವು, ಅದಕ್ಕೆ ಬೇರಿನ ಗಂಟುಗಳೇ ಕಾರಣ ಎಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಆ ವೇಳೆಗೆ ತೋರಿಸಿದ್ದರು. ಗಂಟಿನೊಳಗೆ ಇರುವುದು ಯಾರು ಎಂಬುದು ಬಗೆಹರಿದಿರಲಿಲ್ಲ. ಬೈಯೆರಿಂಕ್ ಗಂಟಿನ ಮೇಲ್ಮೈಯನ್ನು ಶುದ್ಧ ಮಾಡಿ, ಒಡೆದು, ಒಳಗಿನ ರಸವನ್ನು ದ್ವಿದಳ ಗಿಡದ ಎಲೆಯ ಕಷಾಯ ಸೇರಿಸಿದ ಜಿಲೆಟಿನ್ ಮೇಲೆ ಬೆಳೆಸಿದರು. 1888ರಲ್ಲಿ ಅದನ್ನು ಪ್ರಕಟಿಸಿದರು. ಅವರಿಟ್ಟ ಹೆಸರು ಉಳಿಯಲಿಲ್ಲ. ಮರುವರ್ಷ ಫ್ರಾಂಕ್ ಇಟ್ಟ ರೈಜೋಬಿಯಂ ಎಂಬುದೇ ಉಳಿಯಿತು. ನಮ್ಮ ತೊಗರಿಯ ಗಂಟಿನಲ್ಲಿ ಇರುವವು ಹೆಚ್ಚಾಗಿ ಅದರ ನಿಧಾನಗತಿಯ ಬಂಧುಗಳು, ಈಗ ಬ್ರಾಡಿರೈಜೋಬಿಯಂ ಎನ್ನುತ್ತಾರೆ.

ಮಕ್ಕಳು ಹೊಲದಿಂದ ತೊಗರಿ ಗಿಡ ಬೇರುಸಹಿತ ತಂದಿದ್ದರು. ನೆಟೆ ರೋಗದಿಂದ ಹೊಲ ಒಣಗಿದ್ದನ್ನು ಕಂಡ ಹುಡುಗನೊಬ್ಬ ಈ ಗಂಟೂ ರೋಗವೇ ಏನ್ರಿ ಮೇಡಂ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಜಂತುಹುಳುವಿನಿಂದ ಆದ ಗಂಟಾದರೆ ಬೇರೇ ಊದಿಕೊಂಡಿರುತ್ತದೆ, ಕಳಚುವುದಿಲ್ಲ. ಬ್ಲೇಡಿನಿಂದ ಸೀಳಿ ಕೆಂಪು ತೋರಿಸಿದ ಮೇಲೆ ಹುಡುಗನಿಗೆ ಸಮಾಧಾನ ಆಯಿತು. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಮಕ್ಕಳು ಬೀಜರಿಂಕ್ ಎಂದು ಓದಿದರು. ಉಚ್ಚಾರ ತಿದ್ದಿದೆ, ಆದರೂ ಬೀಜದ ಬೀಜರಿಂಕ್ ಎಂದೇ ಅವರ ನೆನಪಿನಲ್ಲಿ ಉಳಿಯಿತು.

1895ರಲ್ಲಿ ಬೈಯೆರಿಂಕ್ ಡೆಲ್ಫ್ಟ್ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾದರು. ಮದುವೆಯಾಗಲಿಲ್ಲ, ವಿಜ್ಞಾನಕ್ಕೂ ಸಂಸಾರಕ್ಕೂ ಹೊಂದುವುದಿಲ್ಲ ಎಂಬುದು ಅವರ ನಿಲುವು. ಸೋದರಿಯರ ಜೊತೆ ಇದ್ದರು. ಅವರಲ್ಲಿ ಹೆನ್ರಿಯೆಟ್ ತಮ್ಮನ ಉಪನ್ಯಾಸಗಳಿಗೆ ಸೂಕ್ಷ್ಮಜೀವಿಗಳ ಬಣ್ಣದ ಚಿತ್ರಪಟಗಳನ್ನು ಬರೆದುಕೊಟ್ಟರು. ಬೋಧನೋಪಕರಣಕ್ಕಾಗಿ ರಾತ್ರಿಯೆಲ್ಲ ಚಾರ್ಟ್ ಬರೆಯುವ ನಮಗೆ ಆಕೆಯ ನೆನಪೂ ಇರಲಿ.

1898ರಲ್ಲಿ ಅವರು ತಂಬಾಕು ಎಲೆಯ ರೋಗ ತರುವ ವಸ್ತು ಬ್ಯಾಕ್ಟೀರಿಯವಲ್ಲ, ಜೀವಕೋಶದಲ್ಲೇ ಹೆಚ್ಚುವ ಬೇರೊಂದು ಎಂದು ಹೇಳಿ ವೈರಸ್ ಎಂದು ಕರೆದರು. ತಂದೆಯನ್ನು ಮುಳುಗಿಸಿದ ತಂಬಾಕೇ ಮಗನ ಹೆಸರನ್ನು ಉಳಿಸಿತು. ಅವರಿಗಿಂತ ಮೊದಲು ರಷ್ಯಾದ ಇವಾನೊವ್‌ಸ್ಕಿ ಇಂಥದೇ ಪ್ರಯೋಗ ಮಾಡಿದ್ದರೆಂದು ತಿಳಿದಾಗ ಆ ಮೊದಲಿಗತನವನ್ನು ಒಪ್ಪಿಕೊಂಡರು. ಮುಂಗೋಪಿ ಹೌದು, ಅಪ್ರಾಮಾಣಿಕರಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1901ರ ಕೆಲಸ. ಗಿಡದ ಹಂಗಿಲ್ಲದೆ, ಮಣ್ಣಿನಲ್ಲಿ ಗಾಳಿಯಾಡುವ ಕಡೆ ಒಂಟಿಯಾಗಿ ಬಾಳುತ್ತ ಸಾರಜನಕ ಸ್ಥಿರೀಕರಿಸುವ ಅಜೋಟೊಬ್ಯಾಕ್ಟರ್ ಕುಲವನ್ನು ಅವರು ಗುರುತಿಸಿದರು. ಒಂದು ಪ್ರಭೇದ ಮಣ್ಣಿನಿಂದ, ಇನ್ನೊಂದು ಡೆಲ್ಫ್ಟ್‌ನ ಕಾಲುವೆ ನೀರಿನಿಂದ. ಕೋಟಿ ಜೀವಿಗಳ ನಡುವೆ ಅದನ್ನು ಹುಡುಕಿದ್ದು ಹೇಗೆ? ಅವರು ಹುಡುಕಲೇ ಇಲ್ಲ. ಎಲೆ ಹಾಕಿ ಕಾದರು. ಸಾರಜನಕವೇ ಇಲ್ಲದ ಸಕ್ಕರೆಯಂಥ ಆಹಾರ ಬಡಿಸಿದರೆ, ಸಾರಜನಕವನ್ನು ಗಾಳಿಯಿಂದ ತಾನೇ ತಂದುಕೊಳ್ಳಬಲ್ಲವನು ಮಾತ್ರ ಪಂಕ್ತಿಯಲ್ಲಿ ಉಳಿಯುತ್ತಾನೆ.

ಇದನ್ನು ಶಾಲೆಯಲ್ಲೇ ಮಾಡಬಹುದು. ಅಗಲ ತಳದ ಗಾಜಿನ ಬಾಟಲಿಯಲ್ಲಿ 100 ಮಿಲಿ ನೀರು, 2 ಗ್ರಾಂ ಗ್ಲೂಕೋಸ್, ಚಿಟಿಕೆ ಪೊಟ್ಯಾಸಿಯಂ ಫಾಸ್ಫೇಟ್, ಚಿಟಿಕೆ ಸುಣ್ಣದ ಕಾರ್ಬೊನೇಟ್, ಚಿಟಿಕೆ ಎರೆಮಣ್ಣು. ಬಾಯಿಗೆ ಹತ್ತಿ. ಬೋರ್ಡಿನ ಸೀಮೆಸುಣ್ಣ ಬಳಸುವವರು ಮೊದಲು ಅದರ ಮೇಲೆ ನಿಂಬೆರಸ ಬಿಟ್ಟು ನೋಡಿ: ಗುಳ್ಳೆ ಬಾರದಿದ್ದರೆ ಅದು ಜಿಪ್ಸಂ, ಕೆಲಸಕ್ಕೆ ಬಾರದು. ನಮ್ಮ ಬಾಟಲಿಯಲ್ಲಿ ಐದನೆಯ ದಿನ ನೀರಿನ ಮೇಲೆ ತೆಳು ಕೆನೆ ಕಟ್ಟಿತು, ಆಮೇಲೆ ಕಂದು ತಿರುಗಿತು. ಕೆನೆಯಲ್ಲಿ ಬೇರೆಯವೂ ಸೇರಿರುತ್ತವೆ ಎಂದು ಮಕ್ಕಳಿಗೆ ಹೇಳಲೇಬೇಕು. ಕ್ಷಾರದ ಕಡೆ ವಾಲುವ ಎರೆಮಣ್ಣು ಅಜೋಟೊಬ್ಯಾಕ್ಟರ್‌ಗೆ ಒಗ್ಗುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದಾಗ ಅದು ಗಟ್ಟಿ ಕವಚ ಕಟ್ಟಿಕೊಂಡು ಮಳೆಗೆ ಕಾಯುತ್ತದೆ. ಒಂದು ಗ್ರಾಂ ಸಕ್ಕರೆ ಉಂಡು ಅದು ಸ್ಥಿರೀಕರಿಸುವುದು ಸುಮಾರು 10 ಮಿಲಿಗ್ರಾಂ ಸಾರಜನಕ. ಅಂದರೆ ಮಣ್ಣಿನಲ್ಲಿ ಕಸಕಡ್ಡಿ, ಗೊಬ್ಬರ ಇಲ್ಲದಿದ್ದರೆ ಅದೂ ಉಪವಾಸ. ಪುಕ್ಕಟೆ ಗೊಬ್ಬರ ಎಂದು ಹೇಳಿಬಿಡುವುದು ಸರಿಯಲ್ಲ.

1921ರಲ್ಲಿ, ಎಪ್ಪತ್ತು ತುಂಬಿ ನಿವೃತ್ತರಾದಾಗ ಪ್ರಯೋಗಾಲಯ ಬಿಡುವುದು ಅವರಿಗೆ ಕಷ್ಟವಾಯಿತು. ಸೋದರಿಯರೊಂದಿಗೆ ಹೊರ್ಸೆಲ್ ಎಂಬ ಹಳ್ಳಿಗೆ ಹೋಗಿ ಮತ್ತೆ ಗಿಡಗಳನ್ನು ನೋಡುತ್ತ ಇದ್ದರು. 1931ರ ಜನವರಿ 1ರಂದು ತೀರಿಕೊಂಡರು.

ಅಷ್ಟು ಬೈಸಿಕೊಂಡವರಲ್ಲಿ ಆಮೇಲೆ ಅವರನ್ನು ನೆನೆದವರು ಯಾರಾದರೂ ಇದ್ದರೇ ಎಂದು ಕೊನೆಯ ಬೆಂಚಿನ ಹುಡುಗಿ ಕೇಳಿದಳು. ಇದ್ದರು. ಅವರ ಶಿಷ್ಯ ವಾನ್ ಇಟರ್ಸನ್, ಅವರ ಪೀಠಕ್ಕೆ ಬಂದ ಕ್ಲೈವರ್ ಮತ್ತು ಇನ್ನೊಬ್ಬರು ಸೇರಿ 1940ರಲ್ಲಿ ಅವರ ಜೀವನ ಮತ್ತು ಕೆಲಸದ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದರು.