ಬಾಯಿ ಕಟ್ಟಲಾಗದವರಿಗೂ ದಾರಿ ಮಾಡಿಕೊಟ್ಟ ಕುಡುಕ: ಬಿಲ್ ವಿಲ್ಸನ್ ಕಥೆ

ಮನಸ್ಸು ಗಟ್ಟಿ ಇದ್ದರೆ ಯಾವ ಚಟವನ್ನಾದರೂ ಬಿಡಬಹುದು ಎಂಬ ಅರ್ಥದ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರುತ್ತದೆ. ಕುಡಿಯುವವರ ಬಗ್ಗೆ ಒಂದು, ವಿಪರೀತ ತಿನ್ನುವವರ ಬಗ್ಗೆ ಇನ್ನೊಂದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಲೈಟ್ ಕೂಡ ಹಾಕದೆ ಡಬ್ಬದಲ್ಲಿದ್ದ ಚಕ್ಕುಲಿಯನ್ನೆಲ್ಲ ಖಾಲಿ ಮಾಡಿ, ಆಮೇಲೆ ನಾಚಿಕೆಯಿಂದ ಅಳುತ್ತಾ ಕೂರುವವರು ಅದೇ ಗ್ರೂಪ್‌ನಲ್ಲಿ ಇರಬಹುದು. ಅವರು ಆ ಮೆಸೇಜ್ ಓದಿ ಇನ್ನಷ್ಟು ಬಚ್ಚಿಟ್ಟುಕೊಳ್ಳುತ್ತಾರೆ, ಅಷ್ಟೇ.

ಮನಸ್ಸು ಗಟ್ಟಿಯಾಗಿದ್ದೂ ಸೋತವರೊಬ್ಬರ ಬದುಕು ಇಲ್ಲಿದೆ. ಅವರ ಚಟ ಕುಡಿತದ್ದು. ಆದರೆ ಅವರು ಕಂಡುಕೊಂಡ ದಾರಿಯಲ್ಲೇ ಇಂದು ಊಟದ ಮೇಲೆ ಹಿಡಿತ ಕಳೆದುಕೊಂಡವರೂ ನಡೆಯುತ್ತಿದ್ದಾರೆ.

ಹಟದ ಹುಡುಗ

ಬಿಲ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ಕುಟುಂಬ ನಡೆಸುತ್ತಿದ್ದ ಸಣ್ಣ ಹೋಟೆಲಿನ ಬಾರ್‌ನ ಹಿಂದಿನ ಕೋಣೆಯಲ್ಲಿ! ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಹುಡುಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ಅಪ್ಪ ಮನೆ ಬಿಟ್ಟರು. ಅಮ್ಮ ಓದಲು ಬಾಸ್ಟನ್‌ಗೆ ಹೋದರು. ಬಿಲ್ ಮತ್ತು ತಂಗಿಯನ್ನು ಸಾಕಿದ್ದು ಅಮ್ಮನ ತಂದೆ ತಾಯಿ.

ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು ಬಿಟ್ಟು ಬೇರೆ ಯಾರಿಗೂ ಬೂಮರಾಂಗ್ ಮಾಡಲು ಬರುವುದಿಲ್ಲ ಎಂದು ಒಮ್ಮೆ ತಾತ ಹೇಳಿದರಂತೆ. ಹುಡುಗ ತಿಂಗಳುಗಟ್ಟಲೆ ಮರ ಕೆತ್ತಿದ. ಕೊನೆಗೆ ತನ್ನ ಮಂಚದ ತಲೆಹಲಗೆಯನ್ನೇ ಕತ್ತರಿಸಿ, ಎಸೆದರೆ ತಿರುಗಿ ಬರುವಂಥ ಬೂಮರಾಂಗ್ ಮಾಡಿಯೇ ಬಿಟ್ಟ. ಸಂಕಲ್ಪಶಕ್ತಿ ಎನ್ನುತ್ತೇವಲ್ಲ, ಅದು ಈ ಹುಡುಗನಲ್ಲಿ ಬೇಕಾದಷ್ಟಿತ್ತು.

1917ರಲ್ಲಿ ಸೇನೆಯ ಯುವ ಅಧಿಕಾರಿಯಾಗಿದ್ದಾಗ ಒಂದು ಔತಣಕೂಟದಲ್ಲಿ ಮೊದಲ ಸಲ ಕುಡಿದರು. ಹುಟ್ಟಿನಿಂದ ಕಾಡುತ್ತಿದ್ದ ಸಂಕೋಚ ಒಂದೇ ಲೋಟಕ್ಕೆ ಮಾಯವಾಯಿತು. ಮುಂದಿನ ವರ್ಷ ಲೋಯಿಸ್ ಎಂಬಾಕೆಯನ್ನು ಮದುವೆಯಾಗಿ, ಯುದ್ಧ ಮುಗಿಸಿ ಬಂದು, ನ್ಯೂಯಾರ್ಕ್‌ನಲ್ಲಿ ಕಾನೂನು ಓದುತ್ತಾ ಷೇರುಪೇಟೆ ಸೇರಿದರು. 1925ರಲ್ಲಿ ಗಂಡ ಹೆಂಡತಿ ಇಬ್ಬರೂ ಮೋಟಾರ್‌ಸೈಕಲ್ ಏರಿ ಊರೂರು ಸುತ್ತಿ, ಕಂಪನಿಗಳು ನಿಜಕ್ಕೂ ಹೇಗೆ ನಡೆಯುತ್ತಿವೆ ಎಂದು ನೋಡಿ ಹೂಡಿಕೆದಾರರಿಗೆ ವರದಿ ಕೊಟ್ಟರು. ಆ ಕಾಲಕ್ಕೆ ಅದು ಹೊಸ ಐಡಿಯಾ. ದುಡ್ಡು ಬಂತು, ಕುಡಿತವೂ ಬೆಳೆಯಿತು. 1929ರ ಷೇರುಪೇಟೆ ಕುಸಿತದಲ್ಲಿ ದುಡ್ಡು ಹೋಯಿತು, ಕುಡಿತ ಉಳಿಯಿತು. ಬ್ರೂಕ್ಲಿನ್‌ನಲ್ಲಿದ್ದ ಮಾವನ ಮನೆಯಲ್ಲಿ ವಾಸ, ಹೆಂಡತಿ ಅಂಗಡಿಯಲ್ಲಿ ದುಡಿದು ತಂದದ್ದರಲ್ಲಿ ಊಟ. ಇನ್ನು ಮುಟ್ಟುವುದಿಲ್ಲ ಎಂದು ಮನೆಯ ಬೈಬಲ್ ಮೇಲೇ ಆಣೆ ಬರೆದುಕೊಟ್ಟರು. ಆಣೆ ನಿಲ್ಲಲಿಲ್ಲ.

ಬೆಳಕು ಕಂಡದ್ದು ಪವಾಡವೇ?

ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ ಬಿಲ್ ಒಂದಲ್ಲ, ನಾಲ್ಕು ಸಲ ದಾಖಲಾದರು. ಅಲ್ಲಿನ ಡಾ. ವಿಲಿಯಂ ಸಿಲ್ಕ್‌ವರ್ತ್ ಕುಡಿತವನ್ನು ಚಾರಿತ್ರ್ಯದ ದೋಷ ಎನ್ನದೆ ಕಾಯಿಲೆ ಎಂದು ನೋಡುತ್ತಿದ್ದ ಅಪರೂಪದ ವೈದ್ಯರು. ಅದನ್ನು ಅವರು ಒಂದು ಬಗೆಯ ಅಲರ್ಜಿ ಎಂದುಕೊಂಡಿದ್ದರು. ಇಂದಿನ ವೈದ್ಯಶಾಸ್ತ್ರ ಅಲರ್ಜಿಯ ಮಾತನ್ನು ಒಪ್ಪುವುದಿಲ್ಲ, ಕಾಯಿಲೆ ಎಂಬುದನ್ನು ಒಪ್ಪುತ್ತದೆ.

1934ರ ನವೆಂಬರ್‌ನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಕುಡಿತದ ಗೆಳೆಯ ಮನೆಗೆ ಬಂದ. ಕುಡಿಯಲು ಕೊಟ್ಟರೆ ಬೇಡವೆಂದ! ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗ ಸೇರಿ ಕುಡಿತ ಬಿಟ್ಟಿದ್ದೆ ಎಂದ. ಡಿಸೆಂಬರ್ 11ರಂದು ಬಿಲ್ ನಾಲ್ಕನೇ ಸಲ ಆಸ್ಪತ್ರೆ ಸೇರಿದರು. ಅಲ್ಲಿ ಒಂದು ರಾತ್ರಿ, ಕೋಣೆಯೆಲ್ಲ ಬೆಳ್ಳನೆಯ ಬೆಳಕಿನಿಂದ ತುಂಬಿದಂತೆ ಅವರಿಗೆ ಅನಿಸಿತು. ಆಮೇಲೆ ಸಾಯುವವರೆಗೆ ಅವರು ಕುಡಿಯಲಿಲ್ಲ.

ಸಾಮಾನ್ಯವಾಗಿ ಫಾರ್ವರ್ಡ್‌ಗಳು ಇಲ್ಲಿಗೇ ಮುಗಿಯುತ್ತವೆ: ಬೆಳಕು ಕಂಡಿತು, ಚಟ ಹೋಯಿತು. ಆದರೆ ಆ ಆಸ್ಪತ್ರೆಯ ಔಷಧದಲ್ಲಿ ಬೆಲ್ಲಡೋನ ಇತ್ತು. ಅದು ನಮ್ಮ ದತ್ತೂರದ ಕುಟುಂಬಕ್ಕೇ ಸೇರಿದ ಗಿಡ, ಇಲ್ಲದ್ದನ್ನು ಕಾಣಿಸಬಲ್ಲದು. ಜೊತೆಗೆ, ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗಲೂ ಭ್ರಮೆಗಳು ಬರುತ್ತವೆ. ಆ ಬೆಳಕು ಏನೇ ಆಗಿರಲಿ, ಆ ಔಷಧ ಕುಡಿದ ಎಲ್ಲರೂ ಕುಡಿತ ಬಿಡಲಿಲ್ಲ. ಬಿಲ್ ಕೂಡ ಅದೇ ಆಸ್ಪತ್ರೆಗೆ ಹಿಂದೆ ಮೂರು ಸಲ ಹೋಗಿ ಬಂದವರು. ಬದಲಾದದ್ದು ಮುಂದಿನ ಆರು ತಿಂಗಳಲ್ಲಿ.

ಆರು ತಿಂಗಳು, ಒಬ್ಬರೂ ಗುಣವಾಗಲಿಲ್ಲ

ಆಸ್ಪತ್ರೆಯಿಂದ ಬಂದ ಬಿಲ್ ಕಂಡ ಕಂಡ ಕುಡುಕರನ್ನು ಉದ್ಧಾರ ಮಾಡಲು ಹೊರಟರು. ವಾರ್ಡ್‌ಗಳಿಗೆ ಹೋದರು, ಮನೆಗೆ ಕರೆತಂದರು, ಉಪದೇಶ ಮಾಡಿದರು. ಆರು ತಿಂಗಳಾದರೂ ಒಬ್ಬರೂ ಕುಡಿತ ಬಿಡಲಿಲ್ಲ. ಎಲ್ಲ ವ್ಯರ್ಥವಾಯಿತು ಎಂದು ಕೂತಾಗ ಲೋಯಿಸ್ ಒಂದು ವಿಷಯ ತೋರಿಸಿಕೊಟ್ಟರು: ಬೇರೆ ಯಾರೂ ಬಿಡದಿದ್ದರೂ ಅಷ್ಟು ದಿನವೂ ಬಿಲ್ ಮಾತ್ರ ಕುಡಿದಿರಲಿಲ್ಲ. ಡಾ. ಸಿಲ್ಕ್‌ವರ್ತ್ ಕೂಡ ಉಪದೇಶ ಕಡಿಮೆ ಮಾಡಿ, ಕಾಯಿಲೆಯ ಬಗ್ಗೆ ಮಾತಾಡಲು ಹೇಳಿದರು.

1935ರ ಮೇ ತಿಂಗಳಲ್ಲಿ ಒಂದು ವ್ಯವಹಾರಕ್ಕಾಗಿ ಬಿಲ್ ಓಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋದರು. ವ್ಯವಹಾರ ಕೈತಪ್ಪಿತು. ಶನಿವಾರ ಸಂಜೆ, ಜೇಬಿನಲ್ಲಿ ಪುಡಿಗಾಸು, ಗುರುತಿಲ್ಲದ ಊರು. ಮೇಫ್ಲವರ್ ಹೋಟೆಲಿನ ಲಾಬಿಯ ಒಂದು ಕಡೆ ಬಾರ್, ಒಳಗಿನಿಂದ ನಗು ಮಾತು. ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ತನಗೀಗ ಬೇಕಿರುವುದು ಇನ್ನೊಬ್ಬ ಕುಡುಕ ಎಂದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಿತು. ಪಟ್ಟಿಯಲ್ಲಿದ್ದ ಪಾದ್ರಿಯೊಬ್ಬರಿಗೆ ಫೋನ್ ಮಾಡಿದರು. ಅಲ್ಲಿಂದ ಒಬ್ಬರಾದ ಮೇಲೆ ಒಬ್ಬರನ್ನು ಹಿಡಿದು, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬಾಕೆ ತಮಗೆ ಗೊತ್ತಿದ್ದ ಒಬ್ಬ ಡಾಕ್ಟರನ್ನು ಮರುದಿನ ಕರೆಸಿದರು.

ಆ ಡಾಕ್ಟರ್ ಶಸ್ತ್ರವೈದ್ಯ ಬಾಬ್ ಸ್ಮಿತ್. ಕೈ ನಡುಗುತ್ತಿತ್ತು, ಕೆಲಸ ಹೋಗುವ ಹಂತದಲ್ಲಿತ್ತು. ಮೇ 12, ತಾಯಂದಿರ ದಿನ. ಹದಿನೈದು ನಿಮಿಷ ಇದ್ದು ಹೊರಡುವುದಾಗಿ ಹೆಂಡತಿಗೆ ಹೇಳಿ ಬಂದವರು ಗಂಟೆಗಟ್ಟಲೆ ಕೂತರು. ಕುಡಿತ ಬಿಡಿ ಎಂದು ಬಾಬ್‌ಗೆ ಹೇಳದವರೇ ಇರಲಿಲ್ಲ. ಈ ಮನುಷ್ಯ ಹಾಗೆ ಹೇಳಲಿಲ್ಲ. ತನ್ನ ಕಥೆ ಹೇಳಿದ. ಬಾಬ್ ಅವರನ್ನು ಉಳಿಸಲು ಬಂದಿರಲಿಲ್ಲ, ತಾನು ಇವತ್ತು ಕುಡಿಯದೇ ಇರಲು ಬಂದಿದ್ದ.

ಬಾಬ್ ಮತ್ತೊಮ್ಮೆ ಜಾರಿದರು. ವೈದ್ಯರ ಸಮ್ಮೇಳನಕ್ಕೆಂದು ರೈಲು ಹತ್ತಿದವರು ಕುಡಿಯುತ್ತಲೇ ಹೋಗಿ ಕುಡಿಯುತ್ತಲೇ ಬಂದರು. ಅವರು ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು ಎಂದು ಲೆಕ್ಕ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ತನ್ನ ಹುಟ್ಟುಹಬ್ಬ ಎಂದು ಆಚರಿಸುತ್ತದೆ. ಕೆಲವೇ ದಿನಗಳಲ್ಲಿ ಇಬ್ಬರೂ ಸೇರಿ ಆಕ್ರನ್‌ನ ಆಸ್ಪತ್ರೆಯಲ್ಲಿ ಮೂರನೆಯವರನ್ನು ಹುಡುಕಿಕೊಂಡು ಹೊರಟಿದ್ದರು.

ದುಡ್ಡಿಲ್ಲ, ಯಜಮಾನನಿಲ್ಲ

ಬಿಲ್‌ಗೆ ದೊಡ್ಡ ಕನಸುಗಳಿದ್ದವು: ಆಸ್ಪತ್ರೆಗಳು, ಸಂಬಳದ ಪ್ರಚಾರಕರು. ಕೋಟ್ಯಧಿಪತಿ ರಾಕ್‌ಫೆಲರ್ ಬಳಿಯೂ ಸಹಾಯ ಕೇಳಿದರು. ಹೆಚ್ಚು ದುಡ್ಡು ಬಂದರೆ ಇದು ಕೆಟ್ಟುಹೋಗುತ್ತದೆ ಎಂದು ಅವರು ಕೊಟ್ಟದ್ದು 5,000 ಡಾಲರ್ ಮಾತ್ರ. ಆಗ ಬೇಸರವಾಯಿತು, ಆದರೆ ಆದದ್ದು ಒಳ್ಳೆಯದೇ. 1939ರಲ್ಲಿ ಸಂಘದ ಪುಸ್ತಕ ಬಂತು. ಅದೇ ವರ್ಷ ಬಿಲ್ ದಂಪತಿ ಸಾಲಕ್ಕೆ ಮನೆ ಕಳೆದುಕೊಂಡು ಎರಡು ವರ್ಷ ಅವರಿವರ ಮನೆಯಲ್ಲಿ ತಂಗಿದರು. 1941ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆ ಲೇಖನ ಪ್ರಕಟಿಸಿದ ಮೇಲೆ, ಎರಡು ಸಾವಿರದಷ್ಟಿದ್ದ ಸದಸ್ಯರು ವರ್ಷದ ಕೊನೆಗೆ ಎಂಟು ಸಾವಿರದಷ್ಟಾದರು.

ಆಮೇಲೆ ರೂಪುಗೊಂಡ ಕಟ್ಟಳೆಗಳು ಬಿಲ್ ಅವರ ನಿಜವಾದ ಕೊಡುಗೆ ಎನ್ನಬಹುದು. ಫೀಸ್ ಇಲ್ಲ. ಹೊರಗಿನವರ ದೇಣಿಗೆ ಬೇಡ. ಆಸ್ತಿ ಮಾಡುವಂತಿಲ್ಲ. ಯಾರೂ ಯಾರಿಗೂ ಬಾಸ್ ಅಲ್ಲ, ಜವಾಬ್ದಾರಿ ಸರದಿಯಂತೆ ಕೈ ಬದಲಾಗುತ್ತದೆ. ಪತ್ರಿಕೆಯಲ್ಲಿ, ರೇಡಿಯೊದಲ್ಲಿ ಪೂರ್ತಿ ಹೆಸರು ಹೇಳುವಂತಿಲ್ಲ. ಬಿಲ್ ಸ್ವತಃ ಹೊಗಳಿಕೆಗೆ ಆಸೆಪಡುವ ಸ್ವಭಾವದವರು. ಅಂಥವರು ಯೇಲ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬೇಡವೆಂದರು. 1955ರಲ್ಲಿ ಸೇಂಟ್ ಲೂಯಿಸ್ ನಗರದ ಸಮಾವೇಶದಲ್ಲಿ ಅಧಿಕಾರವನ್ನು ಸದಸ್ಯರ ಪ್ರತಿನಿಧಿಗಳಿಗೆ ಬಿಟ್ಟುಕೊಟ್ಟರು.

ಬಾಟಲಿಯಿಂದ ತಟ್ಟೆಗೆ

1958ರಲ್ಲಿ ಲಾಸ್ ಏಂಜಲಿಸ್‌ನ ಒಬ್ಬ ಗೃಹಿಣಿ, ಇದೇ ಮಾದರಿಯಲ್ಲಿ ಜೂಜುಕೋರರು ನಡೆಸುತ್ತಿದ್ದ ಮೀಟಿಂಗ್‌ಗೆ ಸ್ನೇಹಿತರೊಬ್ಬರ ಜೊತೆಗೆಂದು ಹೋದರು. ಜೂಜಿನ ಬಗ್ಗೆ ಅಲ್ಲಿ ಹೇಳುತ್ತಿದ್ದ ಸುಳ್ಳು, ಮುಚ್ಚುಮರೆ, ನಾಳೆಯಿಂದ ಬಿಡುತ್ತೇನೆಂಬ ಮಾತು, ಎಲ್ಲವೂ ತಿನ್ನುವ ವಿಷಯದಲ್ಲಿ ತಮ್ಮದೇ ಕಥೆ ಅನಿಸಿತು. 1960ರ ಜನವರಿಯಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಓವರ್‌ಈಟರ್ಸ್ ಅನಾನಿಮಸ್ ಶುರು ಮಾಡಿದರು. ಹನ್ನೆರಡು ಹೆಜ್ಜೆಗಳು ಎಎಯವೇ.

ಆದರೆ ಒಂದು ದೊಡ್ಡ ವ್ಯತ್ಯಾಸ. ಹೆಂಡವನ್ನು ಪೂರ್ತಿ ಬಿಡಬಹುದು, ಊಟ ಬಿಡಲಾಗುತ್ತದೆಯೇ? ಆದ್ದರಿಂದ ಇಲ್ಲಿ ವ್ರತ ಎಂದರೆ ಉಪವಾಸವಲ್ಲ, ಹಿಡಿತ ತಪ್ಪಿ ತಿನ್ನುವುದನ್ನು ಬಿಡುವುದು. ಮೀಟಿಂಗ್‌ನಲ್ಲಿ ತೂಕ ನೋಡುವುದಿಲ್ಲ, ಡಯಟ್ ಚಾರ್ಟ್ ಮಾರುವುದಿಲ್ಲ. ಒಬ್ಬರು ಬಾಗಿಲು ತೆಗೆಯುತ್ತಾರೆ, ಒಬ್ಬರು ಕುರ್ಚಿ ಹಾಕುತ್ತಾರೆ, ಒಬ್ಬರು ಹೊಸಬರ ಪಕ್ಕ ಕೂರುತ್ತಾರೆ. ತಿನ್ನಬೇಕು ಎಂಬ ತುಡಿತ ಬಂದ ಹೊತ್ತಿನಲ್ಲಿ ಫೋನ್ ಮಾಡಲು ಒಬ್ಬ ಹಳಬರಿರುತ್ತಾರೆ. ಕುರ್ಚಿ ಹಾಕುವುದು ಸಣ್ಣ ಕೆಲಸ ಅನಿಸಬಹುದು. ಆದರೆ ಮುಖ ತೋರಿಸಲು ನಾಚಿ ಮನೆಯಲ್ಲೇ ಉಳಿದುಬಿಡುವವರಿಗೆ, ಬೀಗದ ಕೈ ನಿಮ್ಮ ಹತ್ತಿರ ಇದೆ, ಆರು ಗಂಟೆಗೆ ನೀವು ಬರಲೇಬೇಕು ಎಂಬುದು ಸಣ್ಣದಲ್ಲ. ಹಿಂದಿನ ರಾತ್ರಿ ಡಬ್ಬ ಖಾಲಿ ಮಾಡಿದ್ದರೂ ಬಂದು ಬಾಗಿಲು ತೆಗೆಯಬೇಕು. ಹಾಗೆ ಬಂದಾಗ, ಮುಚ್ಚಿಟ್ಟದ್ದು ಮಾತಾಗಿ ಹೊರಬರುವ ಅವಕಾಶವಿರುತ್ತದೆ.

ಇದಕ್ಕೆ ವೈಜ್ಞಾನಿಕ ಆಧಾರ ಇದೆಯೇ? ಸಹಾಯ ಮಾಡುವವರಿಗೇ ಹೆಚ್ಚು ಲಾಭ ಎಂಬ ತತ್ತ್ವವನ್ನು 1965ರಲ್ಲಿ ಫ್ರಾಂಕ್ ರೀಸ್‌ಮನ್ ಎಂಬ ಸಮಾಜ ವಿಜ್ಞಾನಿ ಬರೆದು ಮಂಡಿಸಿದರು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕುಡಿತದ ಚಿಕಿತ್ಸೆ ಪಡೆದವರ ಪೈಕಿ ಇತರರಿಗೆ ನೆರವಾಗುತ್ತಿದ್ದವರು ಮತ್ತೆ ಕುಡಿತಕ್ಕೆ ಮರಳಿದ್ದು ಕಡಿಮೆ. ಗುಣವಾಗುತ್ತಿರುವವರೇ ಸಹಾಯಕ್ಕೂ ಮುಂದಾಗಿರಬಹುದು ಎಂಬ ಅನುಮಾನವನ್ನು ಮಾತ್ರ ತಳ್ಳಿಹಾಕುವಂತಿಲ್ಲ. 2020ರ ಕೊಕ್ರೇನ್ ವಿಮರ್ಶೆ 27 ಅಧ್ಯಯನಗಳನ್ನು, 10,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ನೋಡಿ, ಕುಡಿತವನ್ನು ಪೂರ್ತಿ ಬಿಟ್ಟು ಇರುವ ವಿಷಯದಲ್ಲಿ ಎಎ ಕಡೆಗೆ ಕರೆದೊಯ್ಯುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವೊಮ್ಮೆ ಮೇಲು ಎಂದಿತು. ಅತಿಯಾಗಿ ತಿನ್ನುವವರ ಗುಂಪುಗಳ ಬಗ್ಗೆ ಆ ಮಟ್ಟದ ಪುರಾವೆ ಇಲ್ಲ. ಇರುವ ಅಧ್ಯಯನಗಳು ಕೆಲವೇ, ಅವೂ ಚಿಕ್ಕವು. ಹಾಗಾಗಿ ಗುಂಪು ಒಂದು ಊರುಗೋಲು, ಡಾಕ್ಟರಿಗೆ ಬದಲಿಯಲ್ಲ.

ಸಂತನಲ್ಲ

ಬಿಲ್ ಅವರನ್ನು ದೇವರ ಪಟದ ಸಾಲಿನಲ್ಲಿ ಇಡುವವರೂ ಇದ್ದಾರೆ. ಅವರಿಗೆ ಖಿನ್ನತೆ ವರ್ಷಗಟ್ಟಲೆ ಕಾಡಿತು. ದಾಂಪತ್ಯಕ್ಕೆ ನಿಷ್ಠರಾಗಿರಲಿಲ್ಲ. 1956ರಲ್ಲಿ ವೈದ್ಯರ ಸಮ್ಮುಖದಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು ನೋಡಿದರು. 1960ರ ದಶಕದಲ್ಲಿ ನಯಾಸಿನ್, ಅಂದರೆ ಬಿ3 ವಿಟಮಿನ್, ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಕುಡುಕರ ಖಿನ್ನತೆ ಹೋಗುತ್ತದೆ ಎಂದು ಉತ್ಸಾಹದಿಂದ ಸಾರಿದರು. ಈ ಮಾತು ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ಸಿಕ್ಕರೆ ಆಶ್ಚರ್ಯವಿಲ್ಲ. ಅದು ಸಾಬೀತಾಗಲಿಲ್ಲ, ಅತಿಯಾದ ನಯಾಸಿನ್ ಯಕೃತ್ತಿಗೆ ಪೆಟ್ಟು ಕೊಡಬಲ್ಲದು. ಸ್ಥಾಪಕರೆಂಬ ದಾಕ್ಷಿಣ್ಯಕ್ಕೂ ಎಎ ಮಣಿಯಲಿಲ್ಲ. ಸಂಘದ ಹೆಸರು, ವಿಳಾಸ ಬಳಸದೆ ಪ್ರಚಾರ ಮಾಡಿಕೊಳ್ಳಿ ಎಂದಿತು.

ಕುಡಿತ ಬಿಟ್ಟರೂ ಸಿಗರೇಟು ಬಿಡಲಾಗಲಿಲ್ಲ. ಶ್ವಾಸಕೋಶ ಹಾಳಾಗಿ, ಕೊನೆಯ ದಿನಗಳಲ್ಲಿ ಆಮ್ಲಜನಕದ ಆಸರೆಯಲ್ಲಿ ಮಲಗಿದ್ದಾಗ ಅವರು ವಿಸ್ಕಿ ಕೇಳಿದ್ದು ದಾದಿಯರ ದಾಖಲೆಯಲ್ಲಿದೆ. ಕೊಡಲಿಲ್ಲ. 36 ವರ್ಷ ಬಿಟ್ಟಿದ್ದರೂ ಮಿದುಳು ಅದನ್ನು ಮರೆತಿರಲಿಲ್ಲ. 1971ರ ಜನವರಿ 24ರಂದು ಮಯಾಮಿಯಲ್ಲಿ ತೀರಿಕೊಂಡರು. ಅಂದು ಅವರ ಮದುವೆಯ 53ನೇ ವಾರ್ಷಿಕೋತ್ಸವ. ಅದುವರೆಗೆ ಬಿಲ್ ಡಬ್ಲ್ಯೂ. ಎಂದಷ್ಟೇ ಗೊತ್ತಿದ್ದವರ ಪೂರ್ತಿ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಸಾವಿನ ಸುದ್ದಿಯೊಂದಿಗೆ.

ನಿಮ್ಮ ಮನೆಯ ವಿಷಯಕ್ಕೆ ಬಂದರೆ: ಕಡಿಮೆ ಹೊತ್ತಿನಲ್ಲಿ ವಿಪರೀತ ತಿನ್ನುವುದು, ನಿಲ್ಲಿಸಲಾಗದಿರುವುದು, ಬಚ್ಚಿಟ್ಟು ತಿಂದು ಆಮೇಲೆ ಕೊರಗುವುದು, ಇದು ವಾರಕ್ಕೊಮ್ಮೆಯಾದರೂ ಮೂರು ತಿಂಗಳಿಂದ ನಡೆಯುತ್ತಿದ್ದರೆ ಅದಕ್ಕೆ ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ. ದಪ್ಪಗಿರುವವರೆಲ್ಲರಿಗೂ ಇದು ಇರುವುದಿಲ್ಲ, ಇದು ಇರುವವರೆಲ್ಲ ದಪ್ಪಗಿರುವುದೂ ಇಲ್ಲ. ದಿನವೂ ಹೆಚ್ಚು ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಗಳ ಜಾಹೀರಾತು ನಂಬಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೇ ವಿಭಾಗವಿದೆ, ಎಎ ಮೀಟಿಂಗ್‌ಗಳೂ ನಗರದಲ್ಲಿ ನಡೆಯುತ್ತವೆ. ಮೊದಲು ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.