ಟಾಮ್ ಕಿಲ್ಬರ್ನ್

ಟಾಮ್ ಕಿಲ್ಬರ್ನ್ (ಆಗಸ್ಟ್ 11, 1921 – ಜನವರಿ 17, 2001) ಇಂಗ್ಲೆಂಡಿನ ಗಣಿತಜ್ಞ ಹಾಗೂ ಕಂಪ್ಯೂಟರ್ ವಿಜ್ಞಾನಿ. ಕಂಪ್ಯೂಟರಿನ ಸ್ಮೃತಿಯಲ್ಲಿ ದತ್ತಾಂಶ ಇರುವ ಸ್ಥಳವನ್ನು ರಿಜಿಸ್ಟರಿನ ನೆರವಿನಿಂದ ಗುರುತಿಸುವ ವಿಧಾನವನ್ನು ಮೊದಲು ರೂಪಿಸಿದವರಲ್ಲಿ ಒಬ್ಬರು.

ಆರಂಭಿಕ ಜೀವನ

ಯಾರ್ಕ್‌ಶೈರಿನ ಡ್ಯೂಸ್‌ಬರಿಯಲ್ಲಿ ಜನಿಸಿದ ಕಿಲ್ಬರ್ನ್ ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಅಭ್ಯಸಿಸಿದರು. 1942ರಲ್ಲಿ ರಾಡಾರ್ ಸಂಶೋಧನಾ ಕೇಂದ್ರವನ್ನು ಸೇರಿ, ಮಾಲ್ವರ್ನ್‌ನಲ್ಲಿ ಫ್ರೆಡೆರಿಕ್ ವಿಲಿಯಮ್ಸ್ ಅವರೊಂದಿಗೆ ದುಡಿದರು. ಯುದ್ಧಾನಂತರ ಇಬ್ಬರೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕ್ಯಾಥೋಡ್ ಕಿರಣ ನಳಿಕೆಯನ್ನೇ ಸ್ಮೃತಿಯಾಗಿ ಬಳಸುವ ತಂತ್ರವನ್ನು ಬೆಳೆಸಿದರು. ಅದನ್ನು ಪರೀಕ್ಷಿಸಲು ಕಟ್ಟಿದ 'ಬೇಬಿ' ಯಂತ್ರವು 1948ರ ಜೂನ್ 21ರಂದು, ಸ್ಮೃತಿಯಲ್ಲಿ ಸಂಗ್ರಹಿಸಿದ ಕಿಲ್ಬರ್ನ್‌ರ ಪ್ರೋಗ್ರಾಮನ್ನು ನಡೆಸಿತು. ಅದರ ಸ್ಮೃತಿ ಕೇವಲ 32 ಪದಗಳಷ್ಟಿತ್ತು.

ಬಿ-ರೇಖೆ ಮತ್ತು ಆಧಾರ ರಿಜಿಸ್ಟರ್

ಬೇಬಿಯಂತಹ ಯಂತ್ರಗಳಲ್ಲಿ ಪ್ರತಿ ಆಜ್ಞೆಯೂ ಸ್ಮೃತಿಯ ಒಂದು ನಿಶ್ಚಿತ ವಿಳಾಸವನ್ನೇ ಹೆಸರಿಸುತ್ತಿತ್ತು. ಪಟ್ಟಿಯಲ್ಲಿರುವ ನೂರು ಸಂಖ್ಯೆಗಳನ್ನು ಕೂಡಬೇಕಾದರೆ ಪ್ರೋಗ್ರಾಮು ಪ್ರತಿ ಸುತ್ತಿನಲ್ಲೂ ತನ್ನ ಆಜ್ಞೆಯನ್ನು ತಾನೇ ತಿದ್ದಿಕೊಳ್ಳಬೇಕಿತ್ತು. ಇದು ತೊಡಕಿನ ಕೆಲಸ. ತಿದ್ದುವಾಗ ತಪ್ಪಿದರೆ ಆಜ್ಞೆಯೇ ಕೆಡುತ್ತಿತ್ತು. ಕಿಲ್ಬರ್ನ್, ವಿಲಿಯಮ್ಸ್, ಮ್ಯಾಕ್ಸ್ ನ್ಯೂಮನ್ ಮತ್ತು ಜೆಫ್ ಟೂಟಿಲ್ ಇದಕ್ಕೆಂದೇ 1949ರ ಮ್ಯಾಂಚೆಸ್ಟರ್ ಯಂತ್ರದಲ್ಲಿ ಪ್ರತ್ಯೇಕ ನಳಿಕೆಯೊಂದನ್ನು ಅಳವಡಿಸಿದರು. ಅದರಲ್ಲಿನ ಸಂಖ್ಯೆಯು ಆಜ್ಞೆ ನಡೆಯುವ ಮುನ್ನ ಅದಕ್ಕೆ ಕೂಡಿಕೊಂಡು ವಿಳಾಸವನ್ನು ಮುಂದೂಡುತ್ತಿತ್ತು. ಸ್ಮೃತಿಯಲ್ಲಿದ್ದ ಮೂಲ ಆಜ್ಞೆ ಹಾಗೆಯೇ ಉಳಿಯುತ್ತಿತ್ತು. ಸಂಕಲನ ನಳಿಕೆಗೆ 'ಎ', ನಿಯಂತ್ರಣ ನಳಿಕೆಗೆ 'ಸಿ' ಎಂಬ ಹೆಸರುಗಳಿದ್ದುದರಿಂದ ಇದು 'ಬಿ' ಆಯಿತು.

1964ರ ಐಬಿಎಂ ಸಿಸ್ಟಮ್/360 ಮೇನ್‌ಫ್ರೇಮಿನ ಆಧಾರ ರಿಜಿಸ್ಟರಿನ ಹಿಂದಿರುವುದೂ ಇಂತಹುದೇ ಕೂಡಿಕೆ. ಅಲ್ಲಿ ಆಜ್ಞೆಯೊಳಗೆ 12 ಬಿಟ್‌ಗಳ ಅಂತರ ಮಾತ್ರ ಇರುತ್ತದೆ. ಅದಕ್ಕೆ ರಿಜಿಸ್ಟರಿನ ಬೆಲೆ ಸೇರಿದಾಗ ನಿಜವಾದ ವಿಳಾಸ ದೊರೆಯುತ್ತದೆ. ಹಾಗಾಗಿ ಒಂದು ಆಧಾರದಿಂದ 4096 ಬೈಟ್‌ಗಳನ್ನಷ್ಟೇ ತಲುಪಬಹುದು. ಯಾವ ರಿಜಿಸ್ಟರು ಆಧಾರವೆಂದು ಅಸೆಂಬ್ಲರಿಗೆ ತಿಳಿಸುವುದೂ, ಅದರಲ್ಲಿ ಸರಿಯಾದ ಬೆಲೆ ತುಂಬುವುದೂ ಪ್ರೋಗ್ರಾಮರನ ಹೊಣೆ. ಎರಡನೆಯದನ್ನು ಮರೆತರೆ ಪ್ರೋಗ್ರಾಮು ತಪ್ಪು ಜಾಗವನ್ನು ಓದುತ್ತದೆ.

ಅಟ್ಲಾಸ್

ಕಿಲ್ಬರ್ನ್ ಈ ಹೊಣೆಯ ದೊಡ್ಡ ಭಾಗವನ್ನು ಅದಕ್ಕೂ ಮೊದಲೇ ಯಂತ್ರಕ್ಕೆ ವಹಿಸಿದ್ದರು. ಅವರ ನೇತೃತ್ವದಲ್ಲಿ ರೂಪುಗೊಂಡು 1962ರ ಡಿಸೆಂಬರ್ 7ರಂದು ಉದ್ಘಾಟನೆಗೊಂಡ ಅಟ್ಲಾಸ್‌ನಲ್ಲಿ 128 ಬಿ-ರಿಜಿಸ್ಟರುಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಕೋರ್ ಸ್ಮೃತಿಯೂ ನಿಧಾನಗತಿಯ ಡ್ರಮ್ ಸ್ಮೃತಿಯೂ ಪ್ರೋಗ್ರಾಮರನಿಗೆ ಒಂದೇ ಆಗಿ ಕಾಣುತ್ತಿದ್ದವು. 512 ಪದಗಳ ಪುಟಗಳನ್ನು ಯಂತ್ರವೇ ಅತ್ತಿತ್ತ ಸಾಗಿಸುತ್ತಿತ್ತು. ಇಂದಿನ ವರ್ಚುವಲ್ ಮೆಮೊರಿಯ ಮೂಲ ಇದೇ.

ನಂತರದ ವರ್ಷಗಳು

1964ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭವಾದ ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆ ಕಿಲ್ಬರ್ನ್ ಮೊದಲ ಮುಖ್ಯಸ್ಥರಾದರು. 1965ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. 1981ರಲ್ಲಿ ನಿವೃತ್ತರಾದರು. ವಿಭಾಗದ ಕಟ್ಟಡಕ್ಕೆ ಅವರ ಹೆಸರಿಡಲಾಗಿದೆ.