ಮೇರಿ ಲಾಯನ್ ಅಮ್ಮನವರ ಮನೆತನ

ಅಮೇರಿಕಾ ದೇಶದಲ್ಲಿ ಹೆಣ್ಣು ಮಕ್ಕಳ ಉನ್ನತ ವಿದ್ಯೆಗಾಗಿ ಮೌಂಟ್ ಹೋಲಿಯೋಕ್ ಎಂಬ ಪಾಠಶಾಲೆಯನ್ನು ಸ್ಥಾಪಿಸಿದ ಮೇರಿ ಲಾಯನ್ ಅಮ್ಮನವರ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಅವರು 1797ನೇ ಫೆಬ್ರವರಿ 28ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಬಕ್‌ಲೆಂಡ್ ಎಂಬ ಗುಡ್ಡದ ಹಳ್ಳಿಯಲ್ಲಿ, ಆರನ್ ಲಾಯನ್ ಎಂಬ ಒಕ್ಕಲಿಗರ ಮಗಳಾಗಿ ಹುಟ್ಟಿದರು. ಮನೆತನವನ್ನು ವಿಚಾರಿಸುವವರು ವಾಡಿಕೆಯಾಗಿ ತಂದೆಯ ಕಡೆಯನ್ನೇ ಹಿಡಿದು ಹೋಗುತ್ತಾರೆ. ನಾವಾದರೋ ತಾಯಿಯ ಕಡೆಯನ್ನು ಹಿಡಿಯುವೆವು. ನಮ್ಮಂಥ ಚಿಕ್ಕ ಸಭೆಗಳವರು ತಿಳಿಯತಕ್ಕ ಸಂಗತಿಯು ಅಲ್ಲಿಯೇ ಇರುತ್ತದೆ.

ತಾಯಿಯವರಾದ ಜೆಮೈಮಾ ಶೆಪರ್ಡ್‌ರವರ ತಾಯಿಯ ತಂದೆಯು ಚಿಲಿಯಾಬ್ ಸ್ಮಿತ್ ಎಂಬವರು. ಇವರು ನೆರೆಯ ಆಶ್‌ಫೀಲ್ಡ್ ಊರಿನ ಮೊದಲನೆಯ ನಿವಾಸಿಗಳಲ್ಲಿ ಒಬ್ಬರು. 1761ರಲ್ಲಿ ಅಲ್ಲಿ ಬ್ಯಾಪ್ಟಿಸ್ಟ್ ಸಭೆಯು ಕೂಡಿತು. ಅವರ ಮಗ ಎಬೆನೇಜರರೇ ಅದರ ಬೋಧಕರಾದರು. ಆದರೆ ಆ ಪ್ರಾಂತದಲ್ಲಿ ಕಾಂಗ್ರಿಗೇಷನಲ್ ಸಭೆಗೆ ಸರಕಾರದ ಆಶ್ರಯವಿದ್ದುದರಿಂದ, ಅದರ ಬೋಧಕರ ಸಂಬಳಕ್ಕೂ ದೇವಾಲಯಕ್ಕೂ ಊರವರು ತೆರಿಗೆ ಕೊಡಬೇಕಾಗಿತ್ತು. ಬೇರೆ ಊರುಗಳ ಬ್ಯಾಪ್ಟಿಸ್ಟರಿಗೆ ದೊರಕುತ್ತಿದ್ದ ವಿನಾಯಿತಿಯು 1768ರ ಒಂದು ಕಾನೂನಿನಿಂದ ಆಶ್‌ಫೀಲ್ಡಿನವರಿಗೆ ತಪ್ಪಿಹೋಯಿತು. ಅವರು ತಮ್ಮ ಮನಸ್ಸಾಕ್ಷಿಗೆ ವಿರೋಧವಾದ ಈ ಹಣವನ್ನು ಕೊಡಲಿಲ್ಲ. 1770ರಲ್ಲಿ ಅವರ ಸುಮಾರು 400 ಎಕರೆ ಭೂಮಿಯನ್ನು ಹರಾಜು ಹಾಕಿದರು. 360 ಪೌಂಡುಗಳಿಗೂ ಹೆಚ್ಚು ಬೆಲೆಯ ಆ ಭೂಮಿಯು 20 ಪೌಂಡುಗಳಿಗಿಂತ ಕಡಿಮೆಗೆ ಹೋಯಿತು. ಬೋಧಕರ ಮನೆಯ ಹಿತ್ತಲೂ, ಮುದುಕರಾದ ಚಿಲಿಯಾಬರ ಹಣ್ಣಿನ ತೋಟವೂ, ಸಭೆಯವರು ತಮ್ಮ ಸತ್ತವರನ್ನು ಹೂಣಿಟ್ಟ ಸ್ಮಶಾನವೂ ಅದರಲ್ಲಿ ಸೇರಿದ್ದವು. ಸಮಾಧಿಗಳಿಂದಲೂ ತೆರಿಗೆ ವಸೂಲು ಮಾಡಿದವರು ಅನ್ಯಮತದವರಲ್ಲ, ಅದೇ ಸತ್ಯವೇದವನ್ನು ಓದುತ್ತಿದ್ದವರು. ಇದನ್ನು ಬರೆಯುವುದಕ್ಕೆ ನಮಗೆ ನಾಚಿಕೆಯಾಗುತ್ತದೆ. ಸ್ಮಿತರು ಬೊಸ್ಟನ್ ಪಟ್ಟಣದಲ್ಲಿ ಅರ್ಜಿಗಳನ್ನು ಹಾಕಿಕೊಂಡರು; ಅಲ್ಲಿ ನ್ಯಾಯ ದೊರೆಯದೆ ದೂರು ಸಮುದ್ರದಾಚೆಗೆ ಹೋಗಿ, 1771ರಲ್ಲಿ ಮೂರನೆಯ ಜಾರ್ಜ್ ಅರಸನು ತನ್ನ ಆಲೋಚನಾಸಭೆಯಲ್ಲಿ ಆ ಕಾನೂನನ್ನು ರದ್ದುಮಾಡಿದನು.

ಇಂಥವರ ಮೊಮ್ಮಗಳಾದ ಜೆಮೈಮಾರವರು 1802ರಲ್ಲಿ ವಿಧವೆಯಾದರು. ಮೇರಿಗೆ ಆಗ ಐದು ವರುಷ. ಹೊಲವೂ ಹಲವು ಮಕ್ಕಳೂ ತಾಯಿಯ ಕೈಗೆ ಬಿದ್ದವು. 1810ರಲ್ಲಿ ಅವರು ಮರುಮದುವೆಯಾಗಿ ಆಶ್‌ಫೀಲ್ಡಿಗೆ ಹೋದಾಗ, ಹದಿಮೂರು ವರುಷದ ಮೇರಿಯು ಹೊಲವನ್ನು ಸಾಗಿಸುವ ಅಣ್ಣನ ಮನೆಗೆಲಸಕ್ಕಾಗಿ ಹಿಂದುಳಿದಳು. ಅಣ್ಣನು ವಾರಕ್ಕೆ ಒಂದು ಡಾಲರ್ ಕೊಡುತ್ತಿದ್ದನು. 1814ರಲ್ಲಿ ಹಳ್ಳಿಯ ಮಕ್ಕಳಿಗೆ ಪಾಠ ಹೇಳತೊಡಗಿದಾಗ ಸಿಕ್ಕಿದ್ದು ಊಟವಲ್ಲದೆ ವಾರಕ್ಕೆ 75 ಸೆಂಟು. ಅಂದರೆ ಮನೆಗೆಲಸಕ್ಕಿಂತ ಕಡಿಮೆ! ಆ ಹಣವನ್ನು ಕೂಡಿಸಿಟ್ಟು, ತಾನೇ ನೂತು ನೇಯ್ದ ಹೊದಿಕೆಗಳನ್ನೂ ಕೊಟ್ಟು, ಅವರು ಮುಂದಿನ ವಿದ್ಯೆಯನ್ನು ಸಂಪಾದಿಸಿದರು.

1822ರಲ್ಲಿ ಮೇರಿಯವರು ಬಕ್‌ಲೆಂಡಿನ ಕಾಂಗ್ರಿಗೇಷನಲ್ ಸಭೆಯನ್ನು ಸೇರಿದರು. ಮುತ್ತಜ್ಜನ ತೋಟವನ್ನು ಮಾರಿಸಿದ ಪಂಗಡವದು. ಇದರಲ್ಲಿ ಮನೆತನಕ್ಕೆ ದ್ರೋಹವಾಯಿತೆಂದು ನಾವು ಎಣಿಸುವುದಿಲ್ಲ; ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಭೂಮಿಯನ್ನು ಕಳಕೊಂಡ ಮುದುಕನು ಮರಿಮಗಳಿಗೆ ಅದೇ ಸ್ವಾತಂತ್ರ್ಯವನ್ನು ಬೇಡವೆನ್ನಲಾರನಷ್ಟೆ.

ಮುಂದಿನದನ್ನು ಅನೇಕರು ಬಲ್ಲರು. ಅವರು 1834ರಿಂದ ಹಸುರು ಮಕಮಲ್ಲಿನ ಚೀಲವನ್ನು ಹಿಡಿದು ಊರೂರು ತಿರುಗಿ, ಒಕ್ಕಲಿಗರ ಹೆಂಡಂದಿರ ಚಿಲ್ಲರೆ ಕಾಣಿಕೆಗಳನ್ನೂ ಕೂಡಿಸಿದರು. 1837ನೇ ನವೆಂಬರ್ 8ರಂದು ಸೌತ್ ಹ್ಯಾಡ್ಲಿಯಲ್ಲಿ ಶಾಲೆಯು ತೆರೆಯಿತು. ಬಡ ಒಕ್ಕಲಿಗರ ಹೆಣ್ಣು ಮಕ್ಕಳೂ ಬರುವಂತೆ, ಊಟವೂ ಪಾಠವೂ ಸೇರಿ ವರುಷಕ್ಕೆ 60 ಡಾಲರ್ ಮಾತ್ರ ನೇಮಿಸಿದರು. ಅಡಿಗೆಯನ್ನೂ ಒಗೆತವನ್ನೂ ವಿದ್ಯಾರ್ಥಿನಿಯರೇ ಮಾಡಿಕೊಂಡರು. ನೆರೆಯ ಶೆಲ್ಬರ್ನ್ ಊರಿನ ಫಿಡೀಲಿಯಾ ಫಿಸ್ಕ್ ಎಂಬವರು ಇಲ್ಲಿಂದಲೇ 1843ರಲ್ಲಿ ಪಾರಸಿ ದೇಶದ ಸೇವೆಗೆ ಹೊರಟರು.

ಅಮ್ಮನವರು ಮದುವೆಯಾಗಲಿಲ್ಲ. 1849ನೇ ಮಾರ್ಚ್ 5ರಂದು ತೀರಿಕೊಂಡ ಅವರನ್ನು ಶಾಲೆಯ ಅಂಗಳದಲ್ಲಿಯೇ ಹೂಣಿಟ್ಟರು. ವಾರಕ್ಕೊಂದು ಡಾಲರ್ ಕೊಟ್ಟ ಆ ಅಣ್ಣನು 1819ರಲ್ಲಿಯೇ ನ್ಯೂಯಾರ್ಕ್ ಸಂಸ್ಥಾನಕ್ಕೆ ಒಕ್ಕಲು ಹೋಗಿದ್ದನು. ಅವನ ಮಗಳು ಲೂಸಿ ಸೋದರತ್ತೆಯ ಶಾಲೆಯಲ್ಲಿ ಕಲಿತು, 1846ರಲ್ಲಿ ಬ್ಯಾಪ್ಟಿಸ್ಟ್ ಮಿಶನಿನ ಬೋಧಕರೊಬ್ಬರನ್ನು ಮದುವೆಯಾಗಿ, ಚೀನಾ ದೇಶದ ನಿಂಗ್ಪೋ ಪಟ್ಟಣಕ್ಕೆ ಹೋದರು.